ನೋಡದೇ ಒಪ್ಪಿದ ಸೈಲೆನ್ಸರ್

ನಮ್ಮ ಬೀದಿಯ ಮದುವೆ ದಲ್ಲಾಳಿ ಕಳೆದ ತಿಂಗಳು ತೀರಿಕೊಂಡರು. ಊಟ ಮಾಡಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ. ಸುದ್ದಿ ಕೇಳಿದವರೆಲ್ಲ ಮೊದಲು ಕೇಳಿದ್ದು ಒಂದೇ ಮಾತು: "ಯಾವ ರೋಡ್ನಾಗೆ?" ಹಾಸಿಗೆಯಲ್ಲಿ ಎಂದರೆ ಯಾರೂ ನಂಬಲಿಲ್ಲ. ಹಿರಿಯೂರಿನಿಂದ ಫೋನು ಮಾಡಿದವರೊಬ್ಬರು, "ಹಾಸಿಗೆಯಾಗಾ? ಆಗ ಗಾಡಿ ಎಲ್ಲಿತ್ರಿ?" ಎಂದು ಪೊಲೀಸರ ಹಾಗೆ ವಿಚಾರಿಸಿದರು. ಅವರ ಬೈಕು ಮನೆಯ ಮುಂದೆ ಕವರ್ ಹೊದ್ದು ನಿಂತಿತ್ತು, ಏನೂ ಅರಿಯದ ಹಾಗೆ.

ಹೊಸದುರ್ಗದಲ್ಲಿ ನಮ್ಮದೂ ಅವರದೂ ಎದುರುಬದುರು ಮನೆ. ಸಂಬಂಧವೇನಿಲ್ಲ, ಆದರೂ ನಾನು ಅವರನ್ನು ಮಾವ ಎನ್ನುತ್ತಿದ್ದೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನಾದ್ದರಿಂದ ಅವರು ನನ್ನನ್ನು "ಲೇ ಸೈನ್ಸು" ಎಂದು ಕರೆಯುತ್ತಿದ್ದರು. ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು, ಚಿತ್ರದುರ್ಗ, ಇಷ್ಟೂ ತಾಲ್ಲೂಕಿನ ಮದುವೆಗೆ ಬಂದ ಹುಡುಗ ಹುಡುಗಿಯರ ಸಮಾಚಾರ ಅವರ ತಲೆಯಲ್ಲಿತ್ತು. ಮೊದಲು ಬಸ್ಸಿನಲ್ಲಿ ಓಡಾಡುತ್ತಿದ್ದರು, ಆಮೇಲೆ ಮೊಪೆಡ್ಡಿನಲ್ಲಿ. ಅರವತ್ತು ಹತ್ತಿರ ಬಂದಾಗ, ಬೇರೆಯವರು ಊರುಗೋಲು ಹುಡುಕುವ ಹೊತ್ತಿಗೆ, ಅವರು ಎತ್ತರದ ಹ್ಯಾಂಡಲಿನ, ಮುಂದೆ ಗಾಳಿ ತಡೆಯುವ ಗಾಜಿದ್ದ, ಎರಡೂ ಪಕ್ಕ ಪೆಟ್ಟಿಗೆ ಜೋಡಿಸಿದ ದೊಡ್ಡ ಟೂರಿಂಗ್ ಬೈಕು ತಂದರು. ಎಡಗಡೆಯ ಪೆಟ್ಟಿಗೆಯಲ್ಲಿ ಗಂಡುಗಳ ಜಾತಕ, ಬಲಗಡೆಯದರಲ್ಲಿ ಹೆಣ್ಣುಗಳದ್ದು.

"ಯಾಕೆ ಮಾವ ಬೇರೆ ಬೇರೆ?" ಎಂದು ಕೇಳಿದ್ದೆ.

"ಒಂದೇ ಪೆಟ್ಟಿಗೆಯಾಗಿಟ್ರೆ ತಾವ್ ತಾವೇ ಮಾತಾಡ್ಕಂಡು ಒಪ್ಕಂಬಿಟ್ರೆ? ನಾನ್ಯಾತಕ್ಕೆ ಬೇಕು ಆಮ್ಯಾಕೆ?"

ಬಿಳಿ ಪಂಚೆಯನ್ನು ಮೊಣಕಾಲವರೆಗೆ ಎತ್ತಿ ಕಟ್ಟಿ, ಹೆಲ್ಮೆಟ್ಟಿನ ಕೆಳಗಿನಿಂದ ವಿಭೂತಿಯ ಒಂದು ಗೆರೆ ಇಣುಕುವಂತೆ ಅವರು ಹೊರಟರೆ, ಬಸ್‌ಸ್ಟ್ಯಾಂಡಿನಲ್ಲಿ ಎಳನೀರು ಕೊಚ್ಚುವವರು ಮಚ್ಚು ನಿಲ್ಲಿಸಿ ನೋಡುತ್ತಿದ್ದರು. ಹಿಂದಿನ ಸೀಟು ಖಾಲಿ ಇದ್ದದ್ದು ಕಡಿಮೆ. ಅಲ್ಲಿ ಯಾವಾಗಲೂ ಒಬ್ಬ ಗಂಡು, ಇಸ್ತ್ರಿ ಅಂಗಿ ಮುದುಡದಂತೆ ಎದೆ ಸೆಟೆಸಿ ಕೂತಿರುತ್ತಿದ್ದ.

ಆ ಭಾರಕ್ಕೆ ಬೈಕು ಏದುಸಿರು ಬಿಡುತ್ತಿತ್ತು. ಹಿರಿಯೂರಿನ ಕಡೆ ಹೆದ್ದಾರಿಯ ಏರಿನಲ್ಲಿ ಮುಂದಿನ ಲಾರಿಯನ್ನು ದಾಟಲು ಹೋದರೆ ಅರ್ಧದಲ್ಲೇ ಶಕ್ತಿ ಉಡುಗುತ್ತಿತ್ತಂತೆ. "ಲಾರಿ ಪಕ್ಕದಾಗೇ ನಿಂತು ಡ್ರೈವರ್ ಕೂಡ ಕಷ್ಟಸುಖ ಮಾತಾಡ್ಬೇಕಾಗ್ತೈತೆ ಕಣೋ. ಇಂಜಿನ್ನಿಗೆ ಏನಾರ ಶಕ್ತಿ ತುಂಬಿಸಾಣ" ಎಂದು ಒಂದು ಸಂಜೆ ನಮ್ಮ ಜಗುಲಿಗೆ ಬಂದು ಕೂತರು.

ನಾನು ಮೊಬೈಲಿನಲ್ಲಿ ಓದಿ, ವಿಡಿಯೋ ನೋಡಿ, ಅವರಿಗೆ ತಿಳಿಯುವಂತೆ ಹೇಳಿದೆ. ಇಂಜಿನ್ನಿಗೆ ಕೊಡುವ ಶಕ್ತಿಯಲ್ಲಿ ಎರಡು ಬಗೆ. ಒಂದು, ಖಾಲಿ ರಸ್ತೆಯಲ್ಲಿ ಕೊನೆಯ ವೇಗ ಹೆಚ್ಚಿಸುವುದು, ಅದು ಓಟ. ಇನ್ನೊಂದು, ಭಾರ ಹೊತ್ತು ಏರು ಹತ್ತುವಾಗ, ಲಾರಿ ದಾಟುವಾಗ ಕೈಕೊಡದೆ ಒಯ್ಯುವುದು, ಅದು ಎಳೆತ. ದೂರ ಹೋಗುವ ಗಾಡಿಗೆ ಎರಡನೆಯದೇ ಮುಖ್ಯ ಎಂದೆ.

ಮಾವ ತೊಡೆ ತಟ್ಟಿದರು. "ಅಂದ್ರೆ, ಓಡೋ ಗಂಡು ಬ್ಯಾಡ, ಎಳೆಯೋ ಗಂಡು ಬೇಕು. ತಿಳೀತು ಬಿಡು. ನಲವತ್ತು ವರ್ಷದಿಂದ ಅದನ್ನೇ ಹುಡುಕ್ತಿರೋದು."

ಅಲ್ಲಿಂದ ಶುರುವಾಯಿತು ನೋಡಿ, ಆ ಬೈಕಿನ ವರಾನ್ವೇಷಣೆ. ಒಂದು ಭಾಗ ಆರಿಸಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಅವರಿಗೊಂದು ನಿಯಮವಿತ್ತು: ಗಂಡನ್ನು ಹೇಳಿಕಳಿಸಿ ನೋಡಲು ಹೋಗಬಾರದು. ಹೇಳದೆ ಕೇಳದೆ, ಬೆಳಿಗ್ಗೆ ಹಲ್ಲುಜ್ಜುವ ಹೊತ್ತಿಗೆ ಹೋಗಿ ಬಾಗಿಲು ತಟ್ಟಬೇಕು. ಅವನು ತಾಯಿಯ ಹತ್ತಿರ ಟವೆಲ್ಲು ಕೇಳುವ ದನಿಯಲ್ಲೇ ಅರ್ಧ ಜಾತಕ ತಿಳಿಯುತ್ತದೆ. ಉಳಿದರ್ಧವನ್ನು ಪಕ್ಕದ ಮನೆಯಲ್ಲಿ ಕೇಳಬೇಕು. "ಅಂಗಡಿಯಾಗೆ ಎಲ್ಲಾ ಸಾಮಾನೂ ಒಳ್ಳೇವೇ ಕಣೋ. ಛತ್ರದಾಗೆ ಎಲ್ಲಾ ಗಂಡುಗಳೂ ಒಳ್ಳೆಯವ್ರೇ. ಬೆಳಿಗ್ಗೆ ಹೋಗಿ ನೋಡ್ಬೇಕು."

ಹೆಚ್ಚು ಗಾಳಿ ಬಿಡುವ ಹೊಸ ಬಗೆಯ ಏರ್ ಫಿಲ್ಟರ್ ಹಾಕಿಸಿಕೊಂಡಿದ್ದವನೊಬ್ಬ ಜವನಗೊಂಡನಹಳ್ಳಿಯಲ್ಲಿದ್ದಾನೆಂದು ಗೊತ್ತಾದಾಗ, ಮಾವ ನನ್ನನ್ನೂ ಎಬ್ಬಿಸಿಕೊಂಡು ಅವನ ಮನೆಗೆ ಹೋದರು. ಆತ ಕಣ್ಣುಜ್ಜುತ್ತ ಬಂದು, "ಯಾರಿಗೆ ಹೆಣ್ಣು ತಂದೀರಿ? ನನಗೆ ಮದುವೆಯಾಗೈತೆ!" ಎಂದು ಗಾಬರಿಯಾದ. ಮಾವ ಫಿಲ್ಟರ್ ಬಿಚ್ಚಿಸಿ, ಗಾಳಿ ಒಳಗೆ ಹೋಗುವ ಕೊಳವೆಯಲ್ಲಿ ತಮ್ಮ ಪಂಚೆಯ ಚುಂಗು ತೂರಿಸಿ ಒರೆಸಿದರು. ಚುಂಗು ಕೆಂಪಗಾಗಿ ಹೊರಬಂತು. "ಗಾಳಿ ಜತೆಗೆ ನಿಮ್ಮ ಹೊಲಾನೂ ಒಳಗೆ ಬಿಡ್ತೈತಲ್ಲಪ್ಪ ಇದು!" ಆ ಸಂಬಂಧ ಅಲ್ಲಿಗೆ ಮುಗಿಯಿತು. ಕಂಪನಿಯ ಫಿಲ್ಟರನ್ನೇ ಬೇಗ ಬೇಗ ಬದಲಿಸುವುದೆಂದು ತೀರ್ಮಾನವಾಯಿತು.

ಸಿಲಿಂಡರ್ ಕೊರೆಸಿ ದೊಡ್ಡ ಪಿಸ್ಟನ್ ಹಾಕಿಸುವ ಮಾತೂ ಬಂತು. ಶಾಖ ಹೆಚ್ಚುತ್ತದೆ, ಪೆಟ್ರೋಲು ಹೆಚ್ಚು ಕುಡಿಯುತ್ತದೆ, ದೂರದ ದಾರಿಯಲ್ಲಿ ಕೈಕೊಟ್ಟರೆ ಕಷ್ಟ ಎಂದೆ. "ಬಿಸಿ ತಲೆ, ಮೇಲೆ ಕುಡಿತ ಬೇರೆ. ಬ್ಯಾಡ" ಎಂದರು. ಚೈನಿನ ಮುಂದಿನ ಹಲ್ಲುಚಕ್ರವನ್ನು ಒಂದು ಹಲ್ಲು ಕಡಿಮೆಯದಕ್ಕೆ ಬದಲಾಯಿಸಿದ್ದು ಮಾತ್ರ ಅವರಿಗೆ ಬಲು ಹಿಡಿಸಿತು. ಖರ್ಚೂ ಸಣ್ಣದು, ಎಳೆತವೂ ತಕ್ಷಣ ಗೊತ್ತಾಗುತ್ತಿತ್ತು. ಚಿತ್ರದುರ್ಗದಲ್ಲಿ ಒಬ್ಬ ಹುಡುಗ ಲ್ಯಾಪ್‌ಟಾಪನ್ನು ಬೈಕಿಗೆ ಜೋಡಿಸಿ, ಇಂಜಿನ್ನಿಗೆ ಯಾವಾಗ ಎಷ್ಟು ಪೆಟ್ರೋಲು ಹೋಗಬೇಕೆಂಬ ಲೆಕ್ಕವನ್ನೇ ತಿದ್ದಿಕೊಡುತ್ತಿದ್ದ. ಅದು ಹೇಗೆಂದು ನಾನು ವಿವರಿಸಲು ಹೊರಟರೆ ಮಾವ ಕೈ ಅಡ್ಡ ತಂದರು. "ಜಾತಕ ತಿದ್ದೋದು ತಾನೆ? ಅದನ್ನ ನನಗೆ ಹೇಳ್ಕೊಡ್ತೀಯೇನಲೇ?"

ಇಷ್ಟು ಜಾಗರೂಕತೆಯ ಮನುಷ್ಯ ಎಡವಿದ್ದು ಸೈಲೆನ್ಸರಿನಲ್ಲಿ. ಅವರೇ ಮಾಡಿಸಿದ ಮದುವೆಯೊಂದರಲ್ಲಿ, ಹಿರಿಯೂರಿನಲ್ಲಿ ಗಾಡಿ ಸಾಮಾನಿನ ಅಂಗಡಿ ಇಟ್ಟಿದ್ದ ಮದುಮಗ ದಲ್ಲಾಳಿಗೆ ಕೊಡುವ ಶಲ್ಯದ ಬದಲು ಹೊಳೆಯುವ ಹೊಸ ಸೈಲೆನ್ಸರ್ ಉಡುಗೊರೆ ಕೊಟ್ಟ. ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ, ಅವುಗಳ ಮೇಲೆ ಅರಿಶಿನ ಕುಂಕುಮ ಹಚ್ಚಿಸಿಕೊಂಡ ಸೈಲೆನ್ಸರ್. ಎಲೆ ಅಡಿಕೆಯ ಜೊತೆ ಕೊಟ್ಟದ್ದನ್ನು ಬೇಡವೆನ್ನುವುದುಂಟೇ? ಮಾವ ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಬೆಳಿಗ್ಗೆ ಯಾರ ಮನೆಗೂ ಹೋಗಲಿಲ್ಲ, ಯಾರನ್ನೂ ವಿಚಾರಿಸಲಿಲ್ಲ. ಮಾರನೆಯ ದಿನವೇ ಹಾಕಿಸಿದರು. ಮೊದಲ ಸಲ ಸ್ಟಾರ್ಟ್ ಮಾಡಿದಾಗ ನಮ್ಮ ಮನೆಯ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು.

"ಜಾಸ್ತಿಯಾಯ್ತು ಮಾವ" ಎಂದೆ.

"ತಾಂಬೂಲದಾಗೆ ಬಂದಿದ್ದು ಕಣೋ" ಎಂದರು. ವಿಜ್ಞಾನದ ಪುಸ್ತಕದಲ್ಲಿ ತಾಂಬೂಲದ ಅಧ್ಯಾಯವಿಲ್ಲ.

ಆ ಹೊತ್ತಿಗೆ ಅವರು ನನಗೂ ಹೆಣ್ಣು ನೋಡುತ್ತಿದ್ದರು. ಹೊಳಲ್ಕೆರೆ ತಾಲ್ಲೂಕಿನ ತಾಳ್ಯದ ಹುಡುಗಿ. ಬಿ.ಕಾಂ. ಓದಿ ಊರಿನಲ್ಲೇ ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದಳು. ಫೋಟೋ ಕೊಡುವ ಮೊದಲೇ ಮಾವ ಒಂದು ಮಾತು ಹೇಳಿದರು. "ನೋಡಪ್ಪ, ಮುಚ್ಚಿಡಾಕಿಲ್ಲ. ಈ ಹುಡುಗೀನ ಮೊದಲು ನೋಡಿ ಹೋದವನ ಅಜ್ಜ ಆ ವಾರದಾಗೇ ಹೋದ. ತೊಂಬತ್ತು ದಾಟಿದ ಮುದುಕ, ಇನ್ನೇನ್ ಮಾಡ್ತಾನೆ? ಆಮೇಲೆ ನೋಡಿದೋನ ಬೋರ್‌ವೆಲ್ ಬತ್ತೋಯ್ತು. ಎಲ್ಲಾರೂ ಕಾಲ್ಗುಣ, ಕಾಲ್ಗುಣ ಅಂತಾವ್ರೆ. ಇನ್ನೊಂದು ಸಲ ಏನಾರ ಆದ್ರೆ ಆ ಮನೆ ಹೊಸ್ತಿಲು ಯಾರೂ ತುಳಿಯಾಕಿಲ್ಲ. ನಿಂಗೆ ಅದ್ರಾಗೆ ನಂಬಿಕೆ ಐತಾ?"

ಇಲ್ಲ ಎಂದೆ. ನಮ್ಮ ಮನೆಯಲ್ಲಿ ಅದನ್ನು ನಂಬುವವರು ಒಬ್ಬರಿದ್ದರು, ನಮ್ಮಪ್ಪನ ಅಕ್ಕ. ಅತ್ತೆಗೆ ಹಲ್ಲಿ ಲೊಚಗುಟ್ಟಿದರೂ ಅರ್ಥ, ಲೊಚಗುಟ್ಟದಿದ್ದರೂ ಅರ್ಥ.

ಭಾನುವಾರ ಹೋಗುವುದೆಂದಾಯಿತು. ನಾಲ್ಕೂವರೆಗೆ ರಾಹುಕಾಲ, ಅದಕ್ಕೆ ಮೊದಲೇ ಹುಡುಗಿಯ ಮನೆಯ ಹೊಸ್ತಿಲು ದಾಟಬೇಕು. ಆ ದಿನ ನಮ್ಮ ಶಾಲೆಯಲ್ಲಿ ಯಾವುದೋ ನೇಮಕಾತಿಯ ಪರೀಕ್ಷೆ, ನನಗೆ ಕೊಠಡಿ ಮೇಲ್ವಿಚಾರಣೆ. ಅಪ್ಪ, ಅಮ್ಮ, ಅತ್ತೆ ಕಾರಿನಲ್ಲಿ ಮುಂದೆ ಹೋದರು. ಮಾವ ಶಾಲೆಯ ಗೇಟಿನ ಹೊರಗೆ ಬೈಕಿನಲ್ಲಿ ನನಗಾಗಿ ಕಾದರು. ಪತ್ರಿಕೆಗಳನ್ನು ಒಪ್ಪಿಸಿ ಹೊರಬರುವಾಗ ತಡವಾಗಿತ್ತು. "ಕುಂತ್ಕ ಕುಂತ್ಕ, ಎಳೆತ ಹೆಂಗೈತೆ ತೋರಿಸ್ತೀನಿ" ಎಂದರು.

ಎಳೆತ ಚೆನ್ನಾಗಿಯೇ ಇತ್ತು. ಹೊಳಲ್ಕೆರೆಯ ದಾರಿ ಹಿಡಿದೆವು. ತೆಂಗಿನ ತೋಟಗಳು ಹಿಂದೆ ಸರಿದವು, ದೂರದ ಗುಡ್ಡಗಳ ಸಾಲಿನಲ್ಲಿ ಗಾಳಿಯಂತ್ರಗಳು ತಿರುಗುತ್ತಿದ್ದವು. ಮಾವ ಏನೋ ಹೇಳುತ್ತಿದ್ದರು, ಹೆಗಲು ಅಲುಗುವುದು ಮಾತ್ರ ನನಗೆ ಕಾಣುತ್ತಿತ್ತು. ಕಿವಿಯ ತುಂಬ ಆ ಸೈಲೆನ್ಸರ್.

ಒಂದು ತಿರುವಿನ ಮುಂದೆ ಬೈಕು, ಆಟೋ, ಒಂದು ಟೆಂಪೋ ಸಾಲಾಗಿ ನಿಂತಿದ್ದವು. ಆಚೆ ಗಾಳಿಯಂತ್ರದ ರೆಕ್ಕೆ ಹೊತ್ತ ಉದ್ದನೆಯ ಟ್ರೈಲರು. ನಮ್ಮ ಕಡೆಯವರಿಗೆ ಇದು ಹೊಸದೇನಲ್ಲ. ರೆಕ್ಕೆ ಬಂದರೆ ಜನ ನಿಂತು, ಅದು ತಿರುವು ದಾಟುವವರೆಗೆ ಕಾಯುತ್ತಾರೆ. ಅದರ ಜೊತೆಗೆ ಸೀಟಿ ಊದುತ್ತ, ಕೆಂಪು ಬಟ್ಟೆ ಬೀಸುತ್ತ ನಡೆಯುವವರಿರುತ್ತಾರೆ. ಟ್ರೈಲರು ನಿಂತಂತೆ ಕಂಡಿತು. ಬಲಗಡೆ ರಸ್ತೆ ಖಾಲಿ. ಮಾವ ಗಡಿಯಾರ ನೋಡಿಕೊಂಡು ಸಾಲಿನಿಂದ ಹೊರಗೆ ಬಂದು ನುಗ್ಗಿಸಿದರು.

ಟ್ರೈಲರು ನಿಂತಿರಲಿಲ್ಲ. ಅದರ ಮೂತಿ ಎಡಕ್ಕೆ ತಿರುಗುತ್ತಿತ್ತು. ಮೂತಿ ಎಡಕ್ಕೆ ತಿರುಗಿದರೆ, ಹಿಂದೆ ಅಷ್ಟು ದೂರ ಚಾಚಿಕೊಂಡ ರೆಕ್ಕೆಯ ತುದಿ ಬಲಕ್ಕೆ ಬೀಸುತ್ತದೆ. ತರಗತಿಯಲ್ಲಿ ಸ್ಕೇಲು ತಿರುಗಿಸಿ ಇದನ್ನೇ ನಾನು ಎಷ್ಟು ಸಲ ತೋರಿಸಿದ್ದೇನೋ. ಆ ಬಿಳಿ ತುದಿ ನಮ್ಮ ರಸ್ತೆಗೆ ಅಡ್ಡಲಾಗಿ, ಆತುರವಿಲ್ಲದೆ, ಯಾರೋ ಗೇಟು ಹಾಕುವ ಹಾಗೆ ಬಂತು. ತಲೆಯ ಎತ್ತರಕ್ಕೆ ಬಂತು. ನನಗೆ ನೆನಪಿರುವುದು ಮಾವನ ಬೆನ್ನು. ಎದುರಿಗಿದ್ದ ಅಷ್ಟಗಲದ ಬೆನ್ನು ಇದ್ದಕ್ಕಿದ್ದಂತೆ ಇಲ್ಲವಾಯಿತು, ಅವರು ಟ್ಯಾಂಕಿನ ಮೇಲೆ ಮಲಗಿದ್ದರು. ಬೆನ್ನು ಹೋದ ಕಡೆಗೆ ನಾನೂ ಹೋದೆ. ಹೆಲ್ಮೆಟ್ಟಿನ ನೆತ್ತಿಯ ಮೇಲೆ ಯಾರೋ ಉಗುರಿನಿಂದ ಗೀರಿದ ಹಾಗಾಯಿತು.

ಬೈಕು ರಸ್ತೆ ಬಿಟ್ಟು ಹೊಲಕ್ಕಿಳಿದು, ಮಣ್ಣಿನ ಹೆಂಟೆಗಳಲ್ಲಿ ಕುಪ್ಪಳಿಸಿ, ಆಫಾಗಿ ನಿಂತಿತು. ನಾವು ಬೀಳಲಿಲ್ಲ. ಯಾಕೆ ಬೀಳಲಿಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಇಂಜಿನ್ನಿನ ಸದ್ದು ನಿಂತ ಮೇಲೆ ಸೀಟಿ ಕೇಳಿಸಿತು. ಆ ಸೀಟಿ ಮೊದಲಿನಿಂದಲೂ ಊದುತ್ತಲೇ ಇತ್ತು.

ಸೀಟಿಯವನು ಓಡಿ ಬಂದ. ಹೊಳಲ್ಕೆರೆ ಕಡೆಯವನೇ ಇರಬೇಕು. ನಮ್ಮ ಕೈಕಾಲು ಮುಟ್ಟಿ ನೋಡಿ, ಏನೂ ಆಗಿಲ್ಲವೆಂದು ಖಾತ್ರಿಯಾದ ಮೇಲೆ ಬಾಯಿ ತೆರೆದ. "ಏನ್ರೀ ಯಜಮಾನ್ರೇ, ಕಿವಿ ಮನೆಯಾಗೆ ಬಿಟ್ಟು ಬಂದೀರಾ? ಒಂದೇ ಸಮ ಊದಿ ಊದಿ ನನ್ನ ಪ್ರಾಣ ಬಾಯಿಗೆ ಬಂತು!"

ಮಾವ ಹೊಲದ ಬದುವಿನ ಮೇಲೆ ಕೂತರು. ಹೆಲ್ಮೆಟ್ಟು ಕಳಚಿ ಕಿವಿ ಉಜ್ಜಿಕೊಂಡರು.

ನಾನು ವಾಪಸು ಹೋಗೋಣ ಎಂದೆ.

"ಹೋಗಾಣ. ಆದ್ರೆ ನೀನು ಬರ್ಲಿಲ್ಲ ಅಂದ್ರೆ ಯಾಕೆ ಬರ್ಲಿಲ್ಲ ಅಂತ ಕೇಳ್ತಾರೆ. ಗಂಡು ಬರೋ ದಾರಿಯಾಗೆ ಸಾಯೋನಿದ್ದ ಅಂತ ನಿಮ್ಮತ್ತೆ ಬಾಯಿಗೆ ಬಿತ್ತು ಅಂದ್ರೆ, ಆ ಹುಡುಗಿ ಕತೆ ಮುಗೀತು. ಪಂಚರ್ ಆಯ್ತು ಅನ್ನಾಣ. ನಡಿ."

ಗಾಡಿ ಮತ್ತೆ ಸ್ಟಾರ್ಟಾಯಿತು. ಎತ್ತಿನ ಗಾಡಿಯ ವೇಗದಲ್ಲಿ, ರಾಹುಕಾಲದ ನಟ್ಟನಡುವೆ ತಾಳ್ಯ ತಲುಪಿದೆವು.

ಪಂಚರಿನ ಕಥೆಯನ್ನು ಮಾವ ಚೆನ್ನಾಗಿಯೇ ಹೇಳಿದರು. ಕೆಡಿಸಿದ್ದು ನನ್ನ ಕೈ. ಹುಡುಗಿ ಕಾಫಿ ತಂದು ಕೊಟ್ಟಳು, ಲೋಟ ತಟ್ಟೆಯ ಮೇಲೆ ತಾಳ ಹಾಕಿತು, ಅರ್ಧ ಕಾಫಿ ನನ್ನ ಪ್ಯಾಂಟಿನ ಮೇಲೆ ಬಿತ್ತು. ಹುಡುಗಿಯ ಚಿಕ್ಕಪ್ಪ ನಮ್ಮಪ್ಪನ ಕಡೆ ಬಗ್ಗಿ, "ಹುಡುಗನಿಗೆ ಈ ಕೈ ನಡುಕ ಯಾವಾಗಿಂದ ಐತ್ರಿ? ಅಭ್ಯಾಸ ಏನಾರ..." ಎಂದು ಹೆಬ್ಬೆರಳನ್ನು ಬಾಯಿಯ ಕಡೆ ತೋರಿಸಿದರು. ಅಪ್ಪ ಕೆಂಪಗಾದರು. ಅಷ್ಟರಲ್ಲಿ ಅತ್ತೆ ಮೂಲೆಯಲ್ಲಿಟ್ಟ ನನ್ನ ಹೆಲ್ಮೆಟ್ಟನ್ನು ಎತ್ತಿ, ಗೀರಿನ ಮೇಲೆ ಬೆರಳಾಡಿಸಿ, "ಇದೇನೋ ಇದು? ಬೆಳಿಗ್ಗೆ ಇರ್ಲಿಲ್ವಲ್ಲ?" ಎಂದರು. ನಾನು ತಲೆ ತಗ್ಗಿಸಿದೆ. "ದಾರಿಯಾಗೆ ಏನೋ ಆಗೈತೆ! ಹೇಳಿರ್ಲಿಲ್ವಾ ನಾನು? ಈ ಮನೆಗೆ ಬರೋ ದಾರೀನೇ..."

ಬಾಗಿಲಲ್ಲಿ ನಿಂತಿದ್ದ ಹುಡುಗಿ ಖಾಲಿ ತಟ್ಟೆಯನ್ನು ಎದೆಗೆ ಅವುಚಿಕೊಂಡಳು. ಆ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಅವಳಿಗೆ ಗೊತ್ತಿತ್ತು.

ಮಾವ ಎದ್ದು ನಿಂತರು. "ಅಕ್ಕಾ, ಅಲ್ಲಿಗೇ ನಿಲ್ಸ್ರಿ. ಎಲ್ಲಾರೂ ಒಂದ್ ನಿಮಿಷ ಹೊರಗೆ ಬರ್ರಿ."

ಅಂಗಳದಲ್ಲಿ ಎಲ್ಲರೂ ಸುತ್ತ ನಿಂತರು. ಮಾವ ಬೈಕು ಹತ್ತಿ ಕೂತು ಅತ್ತೆಯನ್ನು ಹಿಂದೆ ನಿಲ್ಲಿಸಿದರು. "ನಾನು ಸ್ಟಾರ್ಟ್ ಮಾಡ್ತೀನಿ. ನೀವು ಬಾಯಿಗೆ ಬಂದಂಗೆ ನನ್ನ ಬೈರಿ."

"ನಾನ್ಯಾಕೆ ಬೈಲಿ?"

"ನಿಮ್ಮ ತಮ್ಮನ ಮಗನ್ನ ಇವತ್ತು ಕೊಲ್ತಿದ್ದೆ, ಅದ್ಕೆ."

ಬೈಕು ಗುಡುಗಿತು. ಅತ್ತೆ ಶುರು ಮಾಡಿದರು. ಆ ಬೈಗುಳ ಹೇಗಿತ್ತೋ ಯಾರಿಗೂ ತಿಳಿಯದು. ಬಾಯಿ ತೆರೆದು ಮುಚ್ಚುವುದು, ಕೈ ಗಾಳಿಯಲ್ಲಿ ಕುಣಿಯುವುದು, ಸೆರಗು ಸೊಂಟಕ್ಕೆ ಹೋಗುವುದು, ಇಷ್ಟೇ ಕಂಡಿತು. ಮಾವ ಮುಂದೆ ನೋಡುತ್ತ ಆರಾಮಾಗಿ ಕೂತಿದ್ದರು. ಆಮೇಲೆ ಆಫ್ ಮಾಡಿ ಹಿಂದಕ್ಕೆ ತಿರುಗಿ, "ಏನಂದ್ರಕ್ಕಾ?" ಎಂದರು.

"ಅಯ್ಯೋ ನಿನ್ನ! ಇಷ್ಟೊತ್ತು ಬೈದಿದ್ದು ದಂಡನಾ?"

ಚಿಕ್ಕಪ್ಪ ಮೊದಲು ನಕ್ಕರು, ಆಮೇಲೆ ಎಲ್ಲರೂ. ನಗು ಇಳಿದ ಮೇಲೆ ಮಾವ ನಡೆದದ್ದನ್ನೆಲ್ಲ ಹೇಳಿದರು: ರೆಕ್ಕೆ, ಸೀಟಿ, ಪಂಚರಾಗಿಲ್ಲ ಎಂಬುದು ಕೂಡ. "ಸೀಟಿ ಊದಿದೋನು ಊದ್ತಾನೇ ಇದ್ದ. ಕೇಳದಂಗೆ ಮಾಡಿದ್ದು ಈ ಸೈಲೆನ್ಸರು. ಇದನ್ನ ನೋಡದೇ ಒಪ್ಕಂಡೋನು ನಾನು. ಹುಡುಗನ ಕೈ ನಡುಗೋದು ಕುಡಿತದಿಂದಲ್ಲ, ಜೀವದ ಭಯದಿಂದ. ಆ ಕೂಸಿನ ಹೆಸರು ಇದ್ರಾಗೆ ಎಲ್ಲೂ ಬರಾಕಿಲ್ಲ. ಕಾಲ್ಗುಣ ಅನ್ನೋರಿದ್ರೆ ನನ್ನ ಕಾಲು ಇಲ್ಲೈತೆ, ನೋಡ್ಕಳ್ರಿ." ಪಂಚೆ ಎತ್ತಿ, ಮಣ್ಣು ಮೆತ್ತಿದ ತಮ್ಮ ಕಾಲನ್ನು ಎಲ್ಲರ ಮುಂದೆ ಚಾಚಿದರು.

ಅತ್ತೆ ಬೈದು ಬೈದು ಸುಸ್ತಾಗಿದ್ದರು. ಹುಡುಗಿ ಒಳಗೆ ಹೋಗಿ ಒಂದು ಚೊಂಬು ನೀರು ತಂದು ನನ್ನ ಮುಂದೆ ಹಿಡಿದಳು. "ಮೊದ್ಲು ಇದನ್ನ ಕುಡೀರಿ. ಕೈ ನಿಂತ ಮೇಲೆ ಇನ್ನೊಂದು ಸಲ ಕಾಫಿ ಮಾಡ್ತೀನಿ." ಚೊಂಬನ್ನು ಎರಡೂ ಕೈಯಲ್ಲಿ ಹಿಡಿಯಬೇಕು, ಹಾಗೆ ಹಿಡಿದರೆ ನಡುಕ ಅಷ್ಟಾಗಿ ಕಾಣುವುದಿಲ್ಲ. ಅವಳು ಅದನ್ನು ಯೋಚಿಸಿಯೇ ತಂದಿದ್ದಳೆಂದು ಮದುವೆಯಾದ ಮೇಲೆ ಗೊತ್ತಾಯಿತು.

ಮಾವ ಹಳೆಯ ಸೈಲೆನ್ಸರನ್ನೇ ಮತ್ತೆ ಹಾಕಿಸಿದರು. ಇಷ್ಟಕ್ಕೇ ಸುಮ್ಮನಾಗಿದ್ದರೆ ಅವರ ಹೆಸರಿಗೆ ಏನೂ ಆಗುತ್ತಿರಲಿಲ್ಲ. ಆದರೆ ಅವರು ಹೋದ ಮನೆಯಲ್ಲೆಲ್ಲ ಆ ಕಥೆಯನ್ನು ತಾವೇ ಹೇಳತೊಡಗಿದರು. ಉಪ್ಪಿಟ್ಟು ಬರುವುದಕ್ಕೆ ಮೊದಲೇ, "ನಾನೊಬ್ಬ ಗಂಡನ್ನ ಸಾಯಿಸ್ತಿದ್ದೆ ಗೊತ್ತೇನ್ರಿ?" ಎಂದು ಶುರು. ಯಾವ ದಲ್ಲಾಳಿ ಹೀಗೆ ಹೇಳಿಕೊಳ್ಳುತ್ತಾನೆ? ಗಂಡುಗಳು ಅವರ ಹಿಂದೆ ಕೂರಲು ಹಿಂಜರಿದರು. "ನಾವು ಬಸ್ಸಿಗೆ ಬರ್ತೀವಿ ಬಿಡ್ರಿ" ಎಂದರು. ಕೆಲವು ಮನೆಯವರು ಬೇರೆ ದಲ್ಲಾಳಿಯನ್ನು ಹುಡುಕಿಕೊಂಡರು. "ಯಾಕೆ ಮಾವ ಸಾರಿಕೊಂಡು ಬರ್ತೀರಿ?" ಎಂದು ನಾನು ರೇಗಿದರೆ, "ಇಂಜಿನ್ ಕೆಲಸ ಆಯ್ತು, ಈಗ ಬ್ರೇಕಿಗೆ ಒಳ್ಳೇ ಸಂಬಂಧ ನೋಡು. ನಿಲ್ಲಿಸೋ ಗಂಡು ಬೇಕು" ಎಂದು ಮಾತು ಬದಲಿಸುತ್ತಿದ್ದರು.

ನನಗೆ ಆ ಬಿಳಿ ರೆಕ್ಕೆ ಇನ್ನೂ ಬಿಟ್ಟಿಲ್ಲ. ಪಾಠದ ನಡುವೆ ಯಾರಾದರೂ ಬಾಗಿಲು ತಳ್ಳಿದರೆ ತಲೆ ತಾನಾಗಿ ತಗ್ಗುತ್ತದೆ, ಹುಡುಗರು ನಗುತ್ತಾರೆ. ಒಂದು ಕ್ಷಣ ತಡವಾಗಿ ಬಗ್ಗಿದ್ದರೆ ಎಂಬಲ್ಲಿಗೆ ಯೋಚನೆ ಹೋಗಿ ನಿಲ್ಲುತ್ತದೆ, ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಮಾವನ ತಿಥಿಯ ಊಟಕ್ಕೆ ಎಲ್ಲ ತಾಲ್ಲೂಕುಗಳಿಂದಲೂ ಜನ ಬಂದಿದ್ದರು, ಹೆಚ್ಚಿನವರು ಜೋಡಿಯಾಗಿ. ಪಂಕ್ತಿಯಲ್ಲಿ ನನ್ನ ಎಡಗಡೆ ಹೆಂಡತಿ ಕೂತಿದ್ದಳು, ಬಲಗಡೆ ಚಿತ್ರದುರ್ಗದ ಕಡೆಯ ಅಪರಿಚಿತರೊಬ್ಬರು. ಪಾಯಸ ಬರುವ ಹೊತ್ತಿಗೆ ಅವರು, "ಸೈಲೆನ್ಸರ್ ಕತೆ ಗೊತ್ತೇನ್ರಿ ನಿಮಗೆ?" ಎಂದು ಶುರು ಮಾಡಿದರು. ಅವರ ಕಥೆಯಲ್ಲಿ ರೆಕ್ಕೆ ಇನ್ನೂ ಉದ್ದವಾಗಿತ್ತು, ಸೀಟಿಯವರು ಇಬ್ಬರಾಗಿದ್ದರು, ಬೈದ ಹೆಂಗಸು ಗಂಡಿನ ಅಜ್ಜಿಯಾಗಿದ್ದಳು. ಗಂಡು ಹೊಲದಲ್ಲಿ ಮೂರ್ಛೆ ಹೋಗಿದ್ದ. ನಾನು ಅದನ್ನು ತಿದ್ದಲಿಲ್ಲ.

"ಹೆಣ್ಣು ಯಾವೂರೋಳಂತೆ?" ಎಂದು ಕೇಳಿದೆ.

ಅವರು ತುತ್ತು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಯೋಚಿಸಿದರು. "ಹೆಣ್ಣಾ? ಅದ್ರಾಗೆ ಹೆಣ್ಣೆಲ್ಲಿ ಬಂತ್ರಿ? ಆ ಯಜಮಾನಪ್ಪ ನಮ್ಮನೆಯಾಗೇ ಕುಂತು ಹೇಳಿದ್ದು, ಎರಡ್ ಮೂರು ಸಲ ಕೇಳೀನಿ. ಹೆಣ್ಣಿನ ಮಾತೇ ಇಲ್ಲ. ಬರೀ ಸೈಲೆನ್ಸರ್ ಕತೆ ಅದು."

ಯಾಕೆ ಸಾರಿಕೊಂಡು ಬರ್ತೀರಿ ಎಂದು ಮಾವನ ಮೇಲೆ ನಾನು ರೇಗಿದ್ದು ನೆನಪಾಯಿತು. ಎಡಗಡೆಯಿಂದ ನನ್ನ ಹೆಂಡತಿ ಮುಂದಕ್ಕೆ ಬಾಗಿ ಅವರ ಮುಖ ನೋಡಿದಳು.

"ಆಮೇಲೇನಾಯ್ತಣ್ಣ?" ಎಂದಳು.

ಅವರು ಖುಷಿಯಿಂದ ಮುಂದುವರಿಸಿದರು.